ಒಂಬತ್ತು ಕೊಯ್ತ, ಮೂವತ್ತು ಸ್ಕ್ರೂ

‘ಮನೆಯಲ್ಲೇ ಒಂದಿಷ್ಟು ಮರಗೆಲಸ ಮಾಡ್ಕೋಬೇಕು ಅಂತಿದೀನಿ, ಯಾವ್ಯಾವ ಮಷೀನ್ ಬೇಕಾಗುತ್ತೆ?’ ಎಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ, ಅಲ್ಲಿನ ರ‍್ಯಾಕಿನಲ್ಲಿ ಏನು ಉಳಿದಿದೆ ಎಂಬುದರ ಮೇಲೆ ಉತ್ತರ ಬರುತ್ತದೆ. ಯೂಟ್ಯೂಬಿನಲ್ಲಿ ಕೇಳಿದರೆ ಉತ್ತರ ಬರುವುದು ಅಮೆರಿಕದಿಂದ: ಟೇಬಲ್ ಸಾ, ಮೈಟರ್ ಸಾ, ಪ್ಲೇನರ್, ಜಾಯಿಂಟರ್, ಬ್ಯಾಂಡ್ ಸಾ, ಅವನ್ನೆಲ್ಲ ನಿಲ್ಲಿಸಲು ಎರಡು ಕಾರು ಹಿಡಿಸುವ ಗ್ಯಾರೇಜು. ಎರಡು ಉತ್ತರಗಳೂ ಯಂತ್ರದಿಂದ ಶುರುವಾಗಿ ಯಂತ್ರದಲ್ಲೇ ಮುಗಿಯುತ್ತವೆ. ಏನು ಮಾಡಲು, ಯಾವ ಮರದಲ್ಲಿ, ಎಲ್ಲಿ ಕೂತು ಎಂದು ಯಾರೂ ಕೇಳುವುದಿಲ್ಲ. ಅಮೆರಿಕದವರ ಪಟ್ಟಿ ಅವರಿಗೆ ಸರಿಯಾದದ್ದೇ. ಒಂದು ಹಲಗೆ ಹೊತ್ತುಕೊಂಡು ಹೋಗಿ ‘ಇದನ್ನ ಇಷ್ಟಕ್ಕೆ ಕೊಯ್ದುಕೊಡಿ, ತೋಪಡಾ ಹೊಡೆದುಕೊಡಿ’ ಎಂದರೆ ನಿಂತ ನಿಲುವಿನಲ್ಲೇ ಮಾಡಿಕೊಡುವ ಸಾಮಿಲ್ಲು ಎಲ್ಲರ ಮನೆ ಹತ್ತಿರವೂ ಇಲ್ಲದ ಜಾಗದಲ್ಲಿ ಸಾಮಿಲ್ಲನ್ನೇ ಮನೆಗೆ ತಂದುಕೊಳ್ಳಬೇಕಾಗುತ್ತದೆ. ನಮ್ಮ ಪೇಟೆಗಳಲ್ಲಿ ಸಾಮಿಲ್ಲೂ ಇದೆ, ಪ್ಲೈವುಡ್ ಅಂಗಡಿಯೂ ಇದೆ. ಆದ್ದರಿಂದ ನಮ್ಮ ಲೆಕ್ಕ ಬೇರೆ. ಮೊದಲು ಮಾಡಬೇಕೆಂದಿರುವ ವಸ್ತುವನ್ನು ಕೆಲಸಗಳಾಗಿ ಬಿಡಿಸಬೇಕು, ಅವನ್ನು ಎಣಿಸಬೇಕು, ಊರು ಮಾಡಿಕೊಡುವುದನ್ನು ಅದರಲ್ಲಿ ಕಳೆಯಬೇಕು, ಉಳಿದದ್ದಕ್ಕೆ ಮಾತ್ರ ಯಂತ್ರ ಕೊಳ್ಳಬೇಕು. ಹೀಗೆ ಎಣಿಸಿದರೆ, ಎಲ್ಲರೂ ಮೊದಲು ಕೈಹಾಕುವ ಕರೆಂಟಿನ ಗರಗಸ ಮೂರನೆಯ ಜಾಗಕ್ಕೆ ಇಳಿಯುತ್ತದೆ.

ಎಣಿಸಿಯೇ ನೋಡೋಣ. ಹೊಸಬರು ಮೊದಲು ಮಾಡಲು ಹೊರಡುವುದು ಬಹುತೇಕ ಒಂದು ಪುಸ್ತಕದ ಕಪಾಟನ್ನು. ನಾಲ್ಕು ಅಡಿ ಎತ್ತರ, ಎರಡೂವರೆ ಅಡಿ ಅಗಲದ ಹಲಗೆಗಳು, ಹತ್ತು ಇಂಚು ಆಳ, ಒಟ್ಟು ಐದು ಅಂತಸ್ತು. 18 ಮಿ.ಮೀ. ದಪ್ಪದ, ಎಂಟು ಅಡಿಗೆ ನಾಲ್ಕಡಿಯ ಒಂದು ಪ್ಲೈವುಡ್ ಶೀಟಿನಲ್ಲಿ ಇದು ಆಗಿ ಮಿಗುತ್ತದೆ. ಶೀಟನ್ನು ಉದ್ದಕ್ಕೆ ಹತ್ತತ್ತು ಇಂಚಿನ ಮೂರು ಪಟ್ಟಿಗಳಾಗಿ ಕೊಯ್ಯಬೇಕು. ಅಲ್ಲಿಗೆ ಎಂಟೆಂಟು ಅಡಿಯ ಮೂರು ಕೊಯ್ತ, ಒಟ್ಟು 24 ಅಡಿ. ಮೊದಲ ಪಟ್ಟಿಯನ್ನು ನಡುವೆ ಕತ್ತರಿಸಿದರೆ ಎರಡು ಬದಿಗಳು, ಉಳಿದೆರಡು ಪಟ್ಟಿಗಳಿಂದ ಐದು ಅಡ್ಡಹಲಗೆಗಳು. ಇದಕ್ಕೆ ಅಡ್ಡಡ್ಡ ಆರು ಕೊಯ್ತ, ಒಂದೊಂದೂ ಹತ್ತು ಇಂಚು, ಒಟ್ಟು ಐದು ಅಡಿ. ಗರಗಸದ ಕೆಲಸ ಇಷ್ಟೇ: ಒಂಬತ್ತು ಕೊಯ್ತ. ಈಗ ಜೋಡಣೆ. ಐದು ಹಲಗೆ, ಹಲಗೆಗೆ ಎರಡು ತುದಿ, ತುದಿಗೆ ಮೂರು ಸ್ಕ್ರೂ, ಅಲ್ಲಿಗೆ ಮೂವತ್ತು. ಪ್ಲೈವುಡ್ಡಿನ ಅಂಚಿಗೆ ನೇರವಾಗಿ ಸ್ಕ್ರೂ ನುಗ್ಗಿಸಿದರೆ ಪದರ ಬಿಡುತ್ತದೆ. ಹಾಗಾಗಿ ಪ್ರತಿ ಸ್ಕ್ರೂವಿಗೂ ಮೊದಲು ಸಣ್ಣ ತೂತು, ಆಮೇಲೆ ಅದರ ತಲೆ ಕೂರುವಷ್ಟು ಗುಂಡಿ, ಆಮೇಲೆ ತಿರುಪುವುದು. ಡ್ರಿಲ್ಲನ್ನು ತೊಂಬತ್ತು ಸಲ ಎತ್ತಬೇಕು. ಇನ್ನು ನಯ ಮಾಡುವುದು: ಏಳು ತುಂಡುಗಳ ಎರಡೂ ಮೈ ಸೇರಿ ಸುಮಾರು 34 ಚದರ ಅಡಿ, ಅದನ್ನೂ ಎರಡು ನಂಬರಿನ ಪೇಪರಿನಲ್ಲಿ ಎರಡು ಸಲ. ಡೊಂಕಾಗಿ ಕತ್ತರಿಸುವ ಕೆಲಸ ಸೊನ್ನೆ, ಅಂದರೆ ಜಿಗ್‌ಸಾಗೆ ಕೆಲಸವಿಲ್ಲ. ತೋಪಡಾ ಹೊಡೆಯುವುದೂ ಸೊನ್ನೆ, ಅಂದರೆ ಪ್ಲೇನರ್ ಬೇಡ. ಅಂಗಡಿಯವನು ಕೊಟ್ಟ ಪಟ್ಟಿಯಲ್ಲಿ ಅರ್ಧ ಇಲ್ಲೇ ಉದುರಿತು.

ತೊಂಬತ್ತು ಸಲ ಕೈಗೆ ಬರುವ ಉಪಕರಣ ಮೊದಲು ಕೊಳ್ಳತಕ್ಕದ್ದು ಎಂಬುದರಲ್ಲಿ ವಾದವೇನೂ ಇರಲಾರದು. ಆದರೆ ಯಾವ ಡ್ರಿಲ್ಲು? ನಮ್ಮ ಮನೆಗಳಲ್ಲಿ ಡ್ರಿಲ್ಲೆಂದರೆ ಗೋಡೆ ಕೊರೆಯುವ ಇಂಪ್ಯಾಕ್ಟ್ ಡ್ರಿಲ್ಲು, 13 ಮಿ.ಮೀ. ಚಕ್ಕು, ವೈರು, ನಿಮಿಷಕ್ಕೆ ಮೂರು ಸಾವಿರದ ಹತ್ತಿರ ಸುತ್ತು. ಕಾಂಕ್ರೀಟಿಗೆ ಅದು ಸರಿ. ಸ್ಕ್ರೂ ತಿರುಪಲು ಅದನ್ನು ಹಿಡಿದರೆ ಒಂದೋ ಸ್ಕ್ರೂವಿನ ತಲೆ ಸವೆದು ಬೋಳಾಗುತ್ತದೆ, ಇಲ್ಲವೇ ಸ್ಕ್ರೂ ಪ್ಲೈವುಡ್ಡನ್ನು ತೂರಿ ಆಚೆ ಬರುತ್ತದೆ. ಮರಗೆಲಸಕ್ಕೆ ಬೇಕಾದ್ದು ಬ್ಯಾಟರಿಯ ಡ್ರಿಲ್ ಡ್ರೈವರ್. ಅದರ ಚಕ್ಕಿನ ಹಿಂದೆ ಅಂಕಿಗಳು ಬರೆದ ಒಂದು ಬಳೆ ಇರುತ್ತದೆ. ಅದು ಕ್ಲಚ್ಚು. ಇಂತಿಷ್ಟು ಬಿಗಿ ಬಂದ ಕೂಡಲೇ ಕಟಕಟ ಎಂದು ಸದ್ದು ಮಾಡಿ ತಿರುಗುವ ಶಕ್ತಿಯನ್ನು ಅಲ್ಲಿಗೇ ತಡೆಯುತ್ತದೆ. ಹೊಸಬರ ಕೈಯ ಅಳುಕನ್ನು ಇಷ್ಟು ಸೊಗಸಾಗಿ ಮನ್ನಿಸುವ ಇನ್ನೊಂದು ಭಾಗ ಯಾವ ಯಂತ್ರದಲ್ಲೂ ಇಲ್ಲ. ಮೇಲೆ 1, 2 ಎಂದು ಬರೆದ ಗೇರಿನ ಗುಂಡಿ: ಸ್ಕ್ರೂವಿಗೆ ಒಂದು, ತೂತಿಗೆ ಎರಡು. ಕಪಾಟಿಗೆ, ಸ್ಟೂಲಿಗೆ 12 ವೋಲ್ಟಿನದೇ ಧಾರಾಳ ಸಾಕು. ಕೈಗೂ ಹಗುರ.

ವೋಲ್ಟಿನ ಮಾತು ಬಂದಾಗ ಡಬ್ಬದ ಮೇಲಿನ ಅಂಕಿಗಳನ್ನು ಸ್ವಲ್ಪ ಕೆಣಕಿ ನೋಡಬೇಕು. ಲಿಥಿಯಂ ಬ್ಯಾಟರಿಯೊಳಗಿನ ಒಂದೊಂದು ಸೆಲ್ಲಿನ ಸಾಮಾನ್ಯ ವೋಲ್ಟೇಜು 3.6. ಮೂರು ಸೆಲ್ಲು ಸಾಲಾಗಿ ಕಟ್ಟಿದರೆ 10.8, ಅದನ್ನು 12 ಎನ್ನುತ್ತಾರೆ. ಐದು ಕಟ್ಟಿದರೆ 18, ಪೂರ್ತಿ ಚಾರ್ಜಾದ ಗಳಿಗೆಯಲ್ಲಿ ಅದೇ 20ರ ಮೇಲೆ ತೋರಿಸುತ್ತದೆ. ಆದ್ದರಿಂದ ಒಬ್ಬರು 18 ಎಂದು, ಇನ್ನೊಬ್ಬರು 20 ಎಂದು ಮಾರುವುದು ಒಂದೇ ಸರಕು. ಕೆಲವು ಅಗ್ಗದ ಮಾಲಿನ ಮೇಲೆ 48, 88 ಎಂದೆಲ್ಲ ಅಚ್ಚಾಗಿರುತ್ತದೆ. ಬ್ಯಾಟರಿಯ ಗಾತ್ರ ನೋಡಿದರೇ ಒಳಗೆ ಅಷ್ಟು ಸೆಲ್ಲಿಗೆ ಜಾಗವಿಲ್ಲ ಎಂಬುದು ಗೊತ್ತಾಗುತ್ತದೆ. ಹಾಗಾದರೆ ಎಲ್ಲ ಉಪಕರಣವನ್ನೂ ಬ್ಯಾಟರಿಯದೇ ಕೊಂಡರೆ ವೈರಿನ ಕಾಟ ತಪ್ಪಿತಲ್ಲ ಎಂಬ ವಾದವಿದೆ. ಗುಣಾಕಾರ ಮಾಡಿ ನೋಡಿ: 18 ವೋಲ್ಟು, 4 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಇರುವುದು 72 ವ್ಯಾಟ್ ಅವರ್. 300 ವ್ಯಾಟಿನ ಸ್ಯಾಂಡರಿಗೆ ಸಮನಾದ ಕೆಲಸ ಅದರಿಂದ ತೆಗೆದರೆ ಕಾಲು ಗಂಟೆ ಬಂದರೆ ಹೆಚ್ಚು. 1200 ವ್ಯಾಟಿನ ಗರಗಸ ಪೂರ್ತಿ ಭಾರ ಹೊತ್ತು ಓಡಲು ಆ ಶಕ್ತಿ ನಾಲ್ಕು ನಿಮಿಷಕ್ಕೂ ಸಾಲದು. ಡ್ರಿಲ್ಲು ಎರಡು ಮೂರು ಸೆಕೆಂಡು ಓಡಿ ನಿಲ್ಲುವ ಕೆಲಸ, ಅಲ್ಲಿ ಬ್ಯಾಟರಿ ಸಲೀಸು. ಒಂದೇ ಸಮ ಓಡುವ ಕೆಲಸಕ್ಕೆ ಗೋಡೆಯ ಪ್ಲಗ್ಗೇ ಲಾಭ. ‘ನಮ್ಮೂರಲ್ಲಿ ಕರೆಂಟೇ ಇರೋಲ್ಲ’ ಎನ್ನುವವರ ತಕರಾರು ನಿಜ. ಮನೆಯ 900 ವಿಎ ಇನ್ವರ್ಟರು 1200 ವ್ಯಾಟಿನ ಗರಗಸವನ್ನು ಎಬ್ಬಿಸುವುದೂ ಇಲ್ಲ. ಆದರೆ ಹವ್ಯಾಸಕ್ಕೆ ಮಾಡುವವರಿಗೆ ಕರೆಂಟು ಬರುವ ತನಕ ಕಾಯುವುದು ನಷ್ಟವಲ್ಲ. ದಿನಗೂಲಿ ಎಣಿಸುವ ಬಡಗಿಗೆ ಅದು ನಷ್ಟ. ಅವನ ಆಯ್ಕೆಯೇ ಬೇರೆ.

ಎರಡನೆಯ ಉಪಕರಣ ಯಾವುದು ಎಂಬುದನ್ನು ತೀರ್ಮಾನಿಸುವುದು ಕಪಾಟಿನ ಮೈ. ಮೈಕಾ ಅಂಟಿಸುವುದಾದರೆ 34 ಚದರ ಅಡಿ ನಯ ಮಾಡುವ ಪ್ರಶ್ನೆಯೇ ಇಲ್ಲ. ಆದರೆ ಅಂಚಿನಿಂದ ಹೊರಗೆ ಚಾಚಿದ ಮೈಕಾ ಸವರಬೇಕು, ಅದಕ್ಕೆ ಟ್ರಿಮ್ಮರ್ ಬೇಕು. ಕಾಲು ಇಂಚಿನ ದಿಂಡಿನ ಬಿಟ್ ಹಿಡಿಯುವ, ನಿಮಿಷಕ್ಕೆ 30 ಸಾವಿರ ಸುತ್ತಿನ ಆಸುಪಾಸಿನಲ್ಲಿ ಓಡುವ ಈ ಪುಟ್ಟ ಯಂತ್ರ ನಮ್ಮ ಬಡಗಿಗಳ ಚೀಲದಲ್ಲಿ ಇದ್ದೇ ಇರುತ್ತದೆ. ಬಿಟ್ ಬದಲಾಯಿಸಿದರೆ ಅದೇ ಅಂಚನ್ನು ದುಂಡಗೆ ಮಾಡುತ್ತದೆ, ಕಾಲುವೆಯಂಥ ಗಾಡಿ ತೆಗೆಯುತ್ತದೆ. ಪಾಲಿಶ್ ಹಚ್ಚುವುದಾದರೆ ಸ್ಯಾಂಡರ್: 125 ಮಿ.ಮೀ. ತಟ್ಟೆಯ, ತಿರುಗುತ್ತಲೇ ಅತ್ತಿತ್ತ ಓಲಾಡುವ ಜಾತಿಯದು. ಬರೀ ತಿರುಗುವ ತಟ್ಟೆಯಾದರೆ ಮರದ ಮೇಲೆ ಬಳೆ ಬಳೆಯಾಗಿ ಗೀರು ಉಳಿಯುತ್ತದೆ, ಪಾಲಿಶ್ ಬಿದ್ದ ಮೇಲೆ ಅದು ಎದ್ದು ಕಾಣುತ್ತದೆ. ಇಲ್ಲಿ ಒಂದು ಎಚ್ಚರ. ಪ್ಲೈವುಡ್ಡಿನ ಮೇಲ್ಪದರ ಒಂದು ಮಿ.ಮೀ.ಗಿಂತ ತೆಳು, ತೇಗದ ಪದರ ಅಂಟಿಸಿದ್ದಾದರೆ ಇನ್ನೂ ತೆಳು. 80 ನಂಬರ್ ಪೇಪರಿನಿಂದ ಹುಮ್ಮಸ್ಸಿನಲ್ಲಿ ಶುರುಮಾಡಿದರೆ ಐದು ನಿಮಿಷದಲ್ಲಿ ತೇಗ ಹೋಗಿ ಕೆಳಗಿನ ಕೆಂಪು ಮೈ ಇಣುಕುತ್ತದೆ. ಮತ್ತೆ ಅದನ್ನು ಮುಚ್ಚಲು ಯಾವ ಪಾಲಿಶಿನಿಂದಲೂ ಆಗದು. 150ರಿಂದ ಶುರು, 220ಕ್ಕೆ ಮುಕ್ತಾಯ, ಸಾಕು.

ಇನ್ನು ಗರಗಸ. ಒಂಬತ್ತರಲ್ಲಿ ಮೂರು ಕೊಯ್ತ ಉದ್ದನೆಯವು, 24 ಅಡಿ. ಇವು ಕಷ್ಟದವು, ಏಕೆಂದರೆ 18 ಮಿ.ಮೀ. ಶೀಟು 30 ಕಿಲೋ ಮೀರಿ ತೂಗುತ್ತದೆ. ಅದನ್ನು ಎರಡನೆಯ ಮಹಡಿಗೆ ಹೊತ್ತು, ಮೆಟ್ಟಿಲಿನ ತಿರುವಿನಲ್ಲಿ ತಿರುಗಿಸಿ, ಹಾಲಿನಲ್ಲಿ ಹಾಸುವಷ್ಟರಲ್ಲೇ ಅರ್ಧ ಉತ್ಸಾಹ ಇಳಿದಿರುತ್ತದೆ. ಪಟ್ಟಣಗಳ ಎಷ್ಟೋ ಪ್ಲೈವುಡ್ ಅಂಗಡಿಗಳು ಕೊಂಡ ಶೀಟನ್ನು ಅಲ್ಲೇ ಅಳತೆಗೆ ಕೊಯ್ದು ಕೊಡುತ್ತವೆ, ಇಲ್ಲವೇ ಪಕ್ಕದ ಸಾಮಿಲ್ಲಿಗೆ ಕಳಿಸುತ್ತವೆ. ಹಾಗೆ ಮೂರು ಪಟ್ಟಿಗಳಾಗಿ ಮನೆಗೆ ಬಂದರೆ ಟೆಂಪೋದ ಬದಲು ಆಟೋ ಸಾಕು, ಮನೆಯಲ್ಲಿ ಉಳಿಯುವುದು ಆರು ಚಿಕ್ಕ ಕೊಯ್ತ. ಅದನ್ನು ಕೈಗರಗಸದಲ್ಲಿ ಮಾಡಿದರೂ ಒಂದು ಸಂಜೆಯ ಕೆಲಸ. ‘ಅಂಗಡಿಯವರ ಕೊಯ್ತ ನಂಬುವ ಹಾಗಿಲ್ಲ, ಎರಡು ಮಿ.ಮೀ. ಅತ್ತಿತ್ತ ಇರುತ್ತೆ, ಅಂಚು ಸಿಗುರೆದ್ದಿರುತ್ತೆ’ ಎಂಬುದು ಅನುಭವಸ್ಥರ ಆಕ್ಷೇಪ. ನಿಜವೇ. ಆದರೆ ಕಪಾಟಿನ ಆಳ ಹತ್ತು ಇಂಚಿದ್ದರೇನು, ಎರಡು ಮಿ.ಮೀ. ಕಡಿಮೆಯಾದರೇನು? ಪಟ್ಟಿಗಳ ಅಗಲ ಒಂದಕ್ಕೊಂದು ಸಮನಾಗಿದ್ದರೆ ಆಯಿತು. ಅಡ್ಡಹಲಗೆಗಳ ಉದ್ದ ಮಾತ್ರ ಕೂದಲೆಳೆಯಷ್ಟೂ ತಪ್ಪಬಾರದು, ತಪ್ಪಿದರೆ ಕಪಾಟು ಸೊಟ್ಟ ನಿಲ್ಲುತ್ತದೆ. ಆ ಕೊಯ್ತಗಳನ್ನು ನಾವು ಮನೆಗೇ ಉಳಿಸಿಕೊಂಡಿದ್ದೇವೆ. ಎಲ್ಲಿ ಕರಾರುವಾಕ್ಕಾಗಿರಬೇಕೋ ಅದು ಸ್ವಂತ ಕೈಯಲ್ಲಿ, ಎಲ್ಲಿ ತೂಕ ಹೆಚ್ಚೋ ಅದು ಊರಿನ ಕೈಯಲ್ಲಿ. ಗರಗಸವನ್ನು ಮೂರನೆಯ ಜಾಗಕ್ಕೆ ಇಳಿಸಲು ಇನ್ನೊಂದು ಕಾರಣವೂ ಉಂಟು. ಮನೆಯ ಉಪಕರಣಗಳಲ್ಲೆಲ್ಲ ಬೆರಳಿನ ಮೇಲೆ ಹೆಚ್ಚು ಕಣ್ಣಿರುವುದು ಅದಕ್ಕೇ. ಮರದ ಗುಣ, ಗಂಟಿನ ಗಡಸು, ಕೈಯ ಅಳತೆ ಎಲ್ಲ ಸ್ವಲ್ಪ ಪಳಗಿದ ಮೇಲೆ ಅದನ್ನು ಹಿಡಿಯುವುದು ವಾಸಿ.

ಗರಗಸ ಕೊಳ್ಳುವ ದಿನ ಬಂದಾಗ ಅಂಗಡಿಯಲ್ಲಿ ಮೊದಲು ಕೈಗೆ ಬರುವುದು ಗರಗಸವಲ್ಲ, ಮಾರ್ಬಲ್ ಕಟರ್. ಈ ದೇಶದ ಮರಗೆಲಸದ ಅರ್ಧ ಭಾಗ ನಡೆಯುತ್ತಿರುವುದೇ ಈ ಕಲ್ಲು ಕತ್ತರಿಸುವ ಯಂತ್ರಕ್ಕೆ ಹಲ್ಲಿನ ಬ್ಲೇಡು ಸಿಕ್ಕಿಸಿ ಎಂದರೆ ಉತ್ಪ್ರೇಕ್ಷೆಯೇನಲ್ಲ. ‘ಆಚಾರ್ರು ಇಪ್ಪತ್ತು ವರ್ಷದಿಂದ ಇದರಲ್ಲೇ ಮಾಡ್ತಿದಾರೆ, ನಮಗೇನು?’ ಎಂಬ ಮಾತಿಗೆ ತೂಕವಿದೆ. ಬೆಲೆ ಸಾಮಾನ್ಯವಾಗಿ ಏಳಿಂಚಿನ ಸರ್ಕ್ಯುಲರ್ ಸಾಗಿಂತ ಅರ್ಧ, ಕೈಗೆ ಹಗುರ, ಟೈಲ್ಸಿಗೂ ಬರುತ್ತದೆ, ರಿಪೇರಿ ಎಲ್ಲ ಊರಿನಲ್ಲೂ ಸಿಗುತ್ತದೆ. ಆದರೂ ಇವೆರಡನ್ನೂ ಪಕ್ಕಪಕ್ಕ ಇಟ್ಟು ಕೆಳಗಿನಿಂದ ನೋಡಬೇಕು. ಸರ್ಕ್ಯುಲರ್ ಸಾದ ಬ್ಲೇಡಿನ ಕೆಳಭಾಗಕ್ಕೆ ಸ್ಪ್ರಿಂಗಿನ ಕವಚವಿದೆ. ಮರ ತಾಗಿದಾಗ ಹಿಂದೆ ಸರಿದು, ಕೊಯ್ತ ಮುಗಿದ ತಕ್ಷಣ ಟಪ್ಪೆಂದು ಮುಚ್ಚಿಕೊಳ್ಳುತ್ತದೆ. ಸ್ವಿಚ್ಚು ಬಿಟ್ಟರೂ ಬ್ಲೇಡು ಕೆಲವು ಸೆಕೆಂಡು ತಿರುಗುತ್ತಲೇ ಇರುತ್ತದೆ. ಆ ಸೆಕೆಂಡುಗಳಲ್ಲಿ ಯಂತ್ರವನ್ನು ತೊಡೆಯ ಪಕ್ಕ ಇಳಿಸುವ ಅಭ್ಯಾಸ ಎಲ್ಲರಿಗೂ ಇದೆ, ಕವಚವಿರುವುದು ಅದಕ್ಕಾಗಿ. ಮಾರ್ಬಲ್ ಕಟರಿಗೆ ಕೆಳಗೆ ಏನೂ ಇಲ್ಲ. ಕಲ್ಲಿಗೆ ಬಳಸುವ ವಜ್ರದ ಚಕ್ರ ಉಜ್ಜಿ ಸವೆಸುವಂಥದ್ದು, ಹಿಡಿದು ಎಳೆಯುವ ಹಲ್ಲು ಅದಕ್ಕಿಲ್ಲ. ಹಲ್ಲಿನ ಬ್ಲೇಡು ಹಾಗಲ್ಲ, ಸಿಕ್ಕಿದ್ದನ್ನು ಕಚ್ಚಿ ಎಳೆಯುತ್ತದೆ. ವೇಗ ನೋಡಿ: 110 ಮಿ.ಮೀ. ಬ್ಲೇಡು ನಿಮಿಷಕ್ಕೆ 13 ಸಾವಿರ ಸುತ್ತು ಹೊಡೆದರೆ ಅದರ ಹಲ್ಲು ಗಂಟೆಗೆ 270 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. 5 ಸಾವಿರ ಸುತ್ತಿನ ಏಳಿಂಚಿನ ಗರಗಸದ ಹಲ್ಲು 175ರ ಹತ್ತಿರ. ಚಿಕ್ಕದು ಎಂದು ಸಲಿಗೆ ತೋರುವ ಯಂತ್ರವೇ ಹೆಚ್ಚು ವೇಗದ್ದು. ಮೇಲಾಗಿ ಅದು ಕೊಯ್ಯುವ ಆಳ 34 ಮಿ.ಮೀ. ಆಸುಪಾಸು, ಎರಡಿಂಚಿನ ಮರಕ್ಕೆ ಎರಡೂ ಕಡೆಯಿಂದ ಕೊಯ್ಯಬೇಕು. ಏಳಿಂಚಿನದು 60 ಮಿ.ಮೀ. ಮೀರಿ ಒಂದೇ ಪಟ್ಟಿನಲ್ಲಿ ಇಳಿಯುತ್ತದೆ. ಆಚಾರ್ರ ಕೈಗೆ ಇಪ್ಪತ್ತು ವರ್ಷದ ಪಳಗುವಿಕೆಯ ಕಾವಲಿದೆ, ಹೊಸಬನ ಕೈಗೆ ಆ ಸ್ಪ್ರಿಂಗಿನ ಕವಚವೊಂದೇ ಕಾವಲು. ಉಳಿಸಿದ ಎರಡು ಮೂರು ಸಾವಿರ ರೂಪಾಯಿ ಇಲ್ಲಿ ಉಳಿತಾಯವಲ್ಲ. ಆ್ಯಂಗಲ್ ಗ್ರೈಂಡರಿಗೆ ಮರದ ಬ್ಲೇಡು ಹಾಕುವುದಂತೂ ಚರ್ಚೆಗೇ ಬರಬಾರದು. ಕೂರಲು ಚಪ್ಪಟೆ ತಳವೂ ಇಲ್ಲದ, ಗಾಳಿಯಲ್ಲಿ ತೇಲುವ ಯಂತ್ರಕ್ಕೆ ಹಲ್ಲು ಕೊಟ್ಟರೆ ಅದು ಒದೆಯುವುದು ಹಿಡಿದವನ ಮುಖದ ಕಡೆಗೇ.

ಇದೇ ಕಟರನ್ನು ತಲೆಕೆಳಗು ಮಾಡಿ, ಪ್ಲೈವುಡ್ ಹಲಗೆಯ ಅಡಿಗೆ ಬಿಗಿದು, ಬ್ಲೇಡನ್ನು ಸೀಳಿನಿಂದ ಮೇಲೆ ಎಬ್ಬಿಸಿ, ಸ್ವಿಚ್ಚಿಗೆ ಟೇಪು ಸುತ್ತಿ ‘ಮನೆಯಲ್ಲೇ ಟೇಬಲ್ ಸಾ’ ಎಂದು ತೋರಿಸುವ ವಿಡಿಯೊಗಳಿಗೆ ಲೆಕ್ಕವಿಲ್ಲ. ಕಾರ್ಖಾನೆಯಲ್ಲಿ ತಯಾರಾದ ಟೇಬಲ್ ಸಾದ ಬ್ಲೇಡಿನ ಹಿಂದೆ ಒಂದು ತೆಳು ಉಕ್ಕಿನ ರೆಕ್ಕೆ ನಿಂತಿರುತ್ತದೆ. ಕೊಯ್ದ ಮರ ಒಳಮುಖವಾಗಿ ಬಾಗಿ ಬ್ಲೇಡನ್ನು ಹಿಚುಕದಂತೆ ಅದು ಸೀಳನ್ನು ತೆರೆದಿಡುತ್ತದೆ. ಹಿಚುಕಿದರೆ ಹಲಗೆ ಬಾಣದಂತೆ ಹಿಂದಕ್ಕೆ ಚಿಮ್ಮುತ್ತದೆ, ಅದನ್ನು ಒತ್ತುತ್ತಿದ್ದ ಕೈ ಬ್ಲೇಡಿನ ಕಡೆ ಜಾರುತ್ತದೆ. ಈ ರೆಕ್ಕೆ, ಮೇಲ್ಗವಚ ಎಲ್ಲ ಇರುವ ಯಂತ್ರಗಳೇ ಹೆಚ್ಚಾಗಿ ಮಾರಾಟವಾಗುವ ಅಮೆರಿಕದಲ್ಲಿ, ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗದ ಅಂದಾಜಿನಂತೆ ವರ್ಷಕ್ಕೆ 30 ಸಾವಿರ ಮೀರಿ ಜನ ಟೇಬಲ್ ಸಾದಿಂದ ಗಾಯಗೊಳ್ಳುತ್ತಾರೆ, ಸುಮಾರು 4 ಸಾವಿರ ಪ್ರಕರಣಗಳಲ್ಲಿ ಬೆರಳೋ ಅದರ ಭಾಗವೋ ಹೋಗಿಯೇ ಬಿಡುತ್ತದೆ. ಸ್ಟೀವ್ ಗ್ಯಾಸ್ ಎಂಬ ಭೌತವಿಜ್ಞಾನಿ 1999ರಲ್ಲಿ, ಚರ್ಮ ತಾಗಿದ್ದನ್ನು ಗುರುತಿಸಿ ಕಣ್ಣುಮಿಟುಕಿಸುವುದಕ್ಕೂ ಮೊದಲೇ ಬ್ಲೇಡನ್ನು ನಿಲ್ಲಿಸುವ ವ್ಯವಸ್ಥೆ ರೂಪಿಸಿದ್ದು ಈ ಹಿನ್ನೆಲೆಯಲ್ಲೇ. ಅಂಥ ಯಂತ್ರದ ಬೆಲೆ ನಮ್ಮ ಹವ್ಯಾಸಿಯ ಕೈಗೆಟುಕುವುದಲ್ಲ. ‘ಟೇಬಲ್ ಸಾ ವರ್ಕ್‌ಶಾಪಿನ ಹೃದಯ’ ಎಂದು ಅಲ್ಲಿನವರು ಹೇಳುವುದು ದಿನಕ್ಕೆ ನೂರು ಪಟ್ಟಿ ಸೀಳುವವರ ಮಾತು. ಒಂಬತ್ತು ಕೊಯ್ತದವರಿಗೆ, ಮೂವತ್ತು ಕಿಲೋ ಶೀಟನ್ನು ಗರಗಸದ ಮೇಲೆ ತಳ್ಳುವುದಕ್ಕಿಂತ ನಾಲ್ಕು ಕಿಲೋ ಗರಗಸವನ್ನು ಶೀಟಿನ ಮೇಲೆ ಓಡಿಸುವುದೇ ಸುಲಭ.

‘ಒಂದೇ ಡಬ್ಬದಲ್ಲಿ ಎಲ್ಲ’ ಎಂದು ಮಾರುವ ಕಿಟ್ಟುಗಳದು ಇನ್ನೊಂದು ಆಕರ್ಷಣೆ. ಒಂದು ಡ್ರಿಲ್ಲು, ಅದರ ಚಕ್ಕಿಗೆ ಸಿಕ್ಕಿಸಲು ಗರಗಸದ ತಲೆ, ಸ್ಯಾಂಡರಿನ ತಟ್ಟೆ, ಟ್ರಿಮ್ಮರಿನ ಬಿಟ್ಟು. ನೂರು ಚಿಲ್ಲರೆ ಸಾಮಾನಿದೆ ಎಂದು ಡಬ್ಬ ಸಾರುತ್ತದೆ, ಅದರಲ್ಲಿ ತೊಂಬತ್ತು ಸ್ಕ್ರೂ, ಮೊಳೆ, ಪ್ಲಾಸ್ಟಿಕ್ ಪ್ಲಗ್ಗು. ಒಂದೊಂದು ಯಂತ್ರ ಹುಟ್ಟಿದ್ದೇ ಒಂದೊಂದು ಚಲನೆಗಾಗಿ ಎಂಬುದನ್ನು ಈ ಕಿಟ್ಟು ಮರೆಯುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಬರ್ಟ್ ಕೌಫ್‌ಮನ್ 1946ರಲ್ಲಿ ಹೊಲಿಗೆ ಯಂತ್ರದ ಸೂಜಿ ತೆಗೆದು ಅಲ್ಲಿ ಗರಗಸದ ಅಲಗು ಸಿಕ್ಕಿಸಿದ, ಅದೇ ಇಂದಿನ ಜಿಗ್‌ಸಾ. ಅದರ ಒಳಗಿನ ಇಡೀ ರಚನೆ ಮೇಲೆ ಕೆಳಗೆ ಕುಟ್ಟುವುದಕ್ಕೆ. ಡ್ರಿಲ್ಲಿನ ಬೇರಿಂಗು ತಯಾರಾಗಿರುವುದು ಮುಂದಕ್ಕೆ ಒತ್ತುವ ಭಾರ ತಾಳಲು, ಪಕ್ಕಕ್ಕೆ ಎಳೆಯುವ ಭಾರವನ್ನಲ್ಲ. ಡ್ರಿಲ್ಲಿನ ಸುತ್ತು ಮೂರು ಸಾವಿರ ದಾಟುವುದು ಅಪರೂಪ, ಟ್ರಿಮ್ಮರಿಗೆ ಬೇಕಾದ್ದು ಅದರ ಹತ್ತು ಪಟ್ಟು. ಡ್ರಿಲ್ಲಿಗೆ ಟ್ರಿಮ್ಮರಿನ ಬಿಟ್ ಸಿಕ್ಕಿಸಿದರೆ ಅದು ಕೆತ್ತುವುದಿಲ್ಲ, ಮರವನ್ನು ಕಿತ್ತು ಹಾಕುತ್ತದೆ, ಮೂರು ತಿಂಗಳಲ್ಲಿ ಚಕ್ಕು ಲೊಡಲೊಡ ಎನ್ನುತ್ತದೆ.

ಇಷ್ಟೂ ಲೆಕ್ಕ ಪ್ಲೈವುಡ್ಡಿನದು. ಗಟ್ಟಿಮರದ್ದು ಬೇರೆ. ಮನೆಯಲ್ಲಿ ಕಡಿಸಿದ ಹಲಸೋ, ಹಳೆಯ ಮನೆಯ ಮತ್ತಿಯ ತೊಲೆಯೋ, ಸಾಮಿಲ್ಲಿನಿಂದ ತಂದ ತೇಗವೋ ಇದ್ದರೆ ಅದು ನಾಲ್ಕು ಮೈಯೂ ಸಮ ಇಲ್ಲದ, ಒರಟು ಹಲಗೆ. ಇಲ್ಲಿ ತೋಪಡಾ ಹೊಡೆಯುವುದೇ ದೊಡ್ಡ ಕೆಲಸ. ಆದರೆ ಅದಕ್ಕೆಂದು ಮಾರುವ ಕೈಪ್ಲೇನರಿನ ಅಲಗು 82 ಮಿ.ಮೀ. ಅಗಲ. ಎಂಟಿಂಚಿನ ಹಲಗೆಗೆ ಮೂರು ಸಾಲು ಹೊಡೆಯಬೇಕು, ಸಾಲಿನ ನಡುವೆ ಮೆಟ್ಟಿಲು ಉಳಿಯುತ್ತದೆ, ಹೊಟ್ಟು ಮನೆ ತುಂಬ. ಸಾಮಿಲ್ಲಿನ ಪ್ಲೇನಿಂಗ್ ಮಷೀನು ಅದನ್ನು ಒಂದೇ ದಪ್ಪಕ್ಕೆ ತಂದು ಹತ್ತು ನಿಮಿಷದಲ್ಲಿ ಕೊಡುತ್ತದೆ. ಹಸಿ ಮರವಾದರೆ ಯಾವ ಯಂತ್ರ ಹಿಡಿದೂ ಪ್ರಯೋಜನವಿಲ್ಲ. ಒಂದಿಂಚು ದಪ್ಪಕ್ಕೆ ಒಂದು ವರ್ಷ ನೆರಳಲ್ಲಿ ಒಣಗಲಿ ಎಂಬುದು ಹಳಬರ ಲೆಕ್ಕ, ಮಲೆನಾಡಿನ ಮಳೆಗಾಲ ಅದಕ್ಕೆ ಇನ್ನಷ್ಟು ಸೇರಿಸುತ್ತದೆ. ಇನ್ನು, ಆಟಿಕೆ, ಬಳೆ, ಕುಂಕುಮದ ಬಟ್ಟಲು ಮಾಡುವ ಆಸೆಯವರಿಗೆ ಗರಗಸ, ಸ್ಯಾಂಡರ್ ಎರಡೂ ಹಿಂದೆ. ಚನ್ನಪಟ್ಟಣದ ಕುಶಲಕರ್ಮಿಗಳ ಬದುಕು ನಿಂತಿರುವುದು ಚರಕಿ ಎಂಬ ಒಂದೇ ಯಂತ್ರದ ಮೇಲೆ, ಹೆಚ್ಚಾಗಿ ಹಾಲೆ ಎಂಬ ಮರದ ಮೇಲೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೇ ಬಣ್ಣ ಕರಗಿ ಹತ್ತುತ್ತದೆ, ಅಲ್ಲಿ ಪಾಲಿಶಿಗೆ ಬೇರೆ ಯಂತ್ರವಿಲ್ಲ.

‘ಇಷ್ಟೆಲ್ಲ ಯಾಕೆ, ಉಳಿ, ಕೊಡತಿ, ಕೈಗರಗಸ ಸಾಲದೇ?’ ಎನ್ನುವವರೂ ಇದ್ದಾರೆ. ಅವರ ಮಾತಿಗೆ ಅರ್ಧ ಒಪ್ಪಿಗೆ. ಮೂಲೆಮಟ್ಟವಿಲ್ಲದೆ ಯಾವ ಯಂತ್ರವೂ ಮೂಲೆ ಸರಿಮಾಡದು, ಸಂದಿನಲ್ಲಿ ಉಳಿದ ಕಾಗದದಷ್ಟು ಮರ ತೆಗೆಯಲು ಹರಿತವಾದ ಅರ್ಧ ಇಂಚಿನ ಉಳಿಗೆ ಸಾಟಿಯಿಲ್ಲ. ಆದರೆ ಉಳಿಗೆ ಸಾಣೆ ಹಿಡಿಯುವುದನ್ನು ಕಲಿಯಲೇ ಹಲವು ವಾರ ಬೇಕು, ಪ್ಲೈವುಡ್ಡಿನ ಅಂಟಿನ ಪದರಗಳು ಆ ಹರಿತವನ್ನು ಒಂದೇ ದಿನದಲ್ಲಿ ತಿಂದುಹಾಕುತ್ತವೆ. ಹಲಸಿನ ಮಣೆಗೆ ಕೈ ಉಪಕರಣ ಸೊಗಸು, ಪ್ಲೈವುಡ್ ಕಪಾಟಿಗೆ ಅಲ್ಲ.

ಡಬ್ಬದ ಮೇಲೆ ಬರೆಯದ ಎರಡು ಖರ್ಚುಗಳಿವೆ, ಧೂಳು ಮತ್ತು ಸದ್ದು. ಮರದ ಧೂಳು ಕ್ಯಾನ್ಸರ್ ತರುವುದು ಖಚಿತ ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ತಂಬಾಕಿನ ಹೊಗೆಯಿರುವ ಮೊದಲ ಗುಂಪಿಗೇ ಅದನ್ನು ಸೇರಿಸಿದೆ. ದಿನವಿಡೀ ವರ್ಷಗಟ್ಟಲೆ ಉಸಿರಾಡುವವರ ಪಾಡು ಭಾನುವಾರದ ಹವ್ಯಾಸಿಯದಲ್ಲ, ಹೌದು. ಆದರೆ ಸ್ಯಾಂಡರ್ ಎಬ್ಬಿಸುವ ಹಿಟ್ಟಿನಂಥ ಧೂಳು ಬಾಗಿಲು ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತದೆ, ಆ ಕೋಣೆಯಲ್ಲೇ ಮಗು ಮಲಗಬಹುದು. ಕರ್ಚೀಫು ಸಾಲದು, ಎನ್95 ಬೇಕು. ಸ್ಯಾಂಡರಿನ ಬಾಲಕ್ಕೆ ವ್ಯಾಕ್ಯೂಮ್ ಕ್ಲೀನರಿನ ಪೈಪು ಕೂರುತ್ತದೆಯೇ ಎಂದು ಅಂಗಡಿಯಲ್ಲೇ ನೋಡಬೇಕು. ಸದ್ದಿನದು ಇನ್ನೊಂದು ಕಥೆ. ಗರಗಸ, ಪ್ಲೇನರುಗಳು 95ರಿಂದ 100 ಡೆಸಿಬೆಲ್ ತನಕ ಕೂಗುತ್ತವೆ. 85 ಡೆಸಿಬೆಲ್ಲನ್ನು ಕಿವಿ ಎಂಟು ಗಂಟೆ ತಾಳಬಹುದಾದರೆ, 100ಕ್ಕೆ ಕಾಲು ಗಂಟೆಯೇ ಮಿತಿ ಎಂಬುದು ಔದ್ಯೋಗಿಕ ಆರೋಗ್ಯದವರ ಲೆಕ್ಕ. ನಮ್ಮ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಾಸದ ಬಡಾವಣೆಗೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಗೆರೆ ಹಾಕಿವೆ. ಬೆಂಗಳೂರಿನ ಫ್ಲ್ಯಾಟಿನ ಬಾಲ್ಕನಿಯಲ್ಲಿ ಗರಗಸ ಹಿಡಿಯುವವರು ನಿಯಮ ಓದಿರಬೇಕಿಲ್ಲ, ಕೆಳಗಿನ ಮನೆಯವರು ಓದಿಸುತ್ತಾರೆ. ಉದ್ದ ಕೊಯ್ತಗಳನ್ನು ಅಂಗಡಿಯಲ್ಲೇ ಮುಗಿಸಿ ಬರುವುದಕ್ಕೆ ಇದೂ ಒಂದು ಕಾರಣ. ಡ್ರಿಲ್ಲಿನ ಸದ್ದನ್ನು ಯಾರೂ ಹೆಚ್ಚು ಕಾಲ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

ಹಣದ ಮಾತು. ‘ಮೊದಲು ಅಗ್ಗದ್ದು ತಗೊಳ್ಳಿ, ಕೆಟ್ಟರೆ ಒಳ್ಳೇದು ತಗೊಳ್ಳಿ’ ಎಂಬ ಸಲಹೆ ಡ್ರಿಲ್ಲಿಗೆ, ಸ್ಯಾಂಡರಿಗೆ ನಡೆಯುತ್ತದೆ. ಕೆಟ್ಟರೆ ಕೆಲಸ ನಿಲ್ಲುತ್ತದೆ, ಅಷ್ಟೇ. ಗರಗಸಕ್ಕೆ ನಡೆಯದು. ಅಗ್ಗದ ಗರಗಸದ ತಳದ ತಗಡು ಸೊಟ್ಟವಿದ್ದರೆ ಕೊಯ್ತ ಸೊಟ್ಟ, ಕವಚದ ಸ್ಪ್ರಿಂಗು ಸಡಿಲವಿದ್ದರೆ ಆಗುವುದು ಇನ್ನೂ ಕೆಟ್ಟದ್ದು. ಹತ್ತು ರೂಪಾಯಿ ಇದ್ದರೆ ಯಂತ್ರಕ್ಕೆ ಆರು, ಉಳಿದ ನಾಲ್ಕು ಬ್ಲೇಡು, ಬಿಟ್ಟು, ಕ್ಲಾಂಪು, ಕನ್ನಡಕ, ಮಾಸ್ಕಿಗೆ. ಗರಗಸದ ಜೊತೆ ಬರುವ ಬ್ಲೇಡಿಗೆ ಹಲ್ಲು ಕಡಿಮೆ, ಉದ್ದಕ್ಕೆ ಸೀಳಲು ಅದು ಸರಿ, ಪ್ಲೈವುಡ್ಡಿನ ಅಡ್ಡ ಕೊಯ್ತಕ್ಕೆ 40 ಹಲ್ಲಿಗೆ ಕಡಿಮೆ ಇಲ್ಲದ್ದು ಬೇಕು. ಹಾಗೇ ಕೊಯ್ದು ಸಿಗುರೆದ್ದಾಗ ಜನ ಬೈಯುವುದು ಯಂತ್ರವನ್ನು. ಯಾವ ಕಂಪನಿಯದು ಎಂಬ ಪ್ರಶ್ನೆಗೆ, ನಿಮ್ಮ ತಾಲ್ಲೂಕು ಪೇಟೆಯಲ್ಲಿ ಯಾವುದರ ಕಾರ್ಬನ್ ಬ್ರಷ್ಷು, ಆರ್ಮೇಚರು ಸಿಗುತ್ತದೋ ಆ ಕಂಪನಿಯದು ಎಂಬುದಕ್ಕಿಂತ ಒಳ್ಳೆಯ ಉತ್ತರ ಹೊಳೆಯುತ್ತಿಲ್ಲ. ಗರಗಸದ ಪ್ಲಗ್ಗನ್ನು ಮೊಬೈಲ್ ಚಾರ್ಜರಿನ ಆರು ಆಂಪಿಯರ್ ಸಾಕೆಟ್ಟಿಗೆ ತುರುಕದೆ, ಗೀಸರಿನಂಥ 16 ಆಂಪಿಯರಿನದಕ್ಕೆ ಕೊಡುವುದು, ಎಕ್ಸ್‌ಟೆನ್ಷನ್ ವೈರನ್ನು ಸುರುಳಿ ಬಿಚ್ಚಿಯೇ ಬಳಸುವುದು, ಇಷ್ಟು ಮರೆಯದಿದ್ದರೆ ಆರ್ಮೇಚರು ಅಂಗಡಿಯ ದಾರಿ ತೋರಿಸುವುದು ತಡವಾಗುತ್ತದೆ.

ಅಂಗಡಿಯಲ್ಲಿ ಮೂರು ಪಟ್ಟಿ ಕೊಯ್ದ ಮೇಲೆ ಹದಿನೆಂಟಿಂಚಿಗೆ ಒಂದೆಳೆ ಕಡಿಮೆ ಅಗಲದ, ಎಂಟಡಿ ಉದ್ದದ ತುಂಡೊಂದು ಉಳಿದಿತ್ತು. ಅದನ್ನು ಬಿಟ್ಟು ಬರಬಾರದು. ಅದರ ಒಂದು ಅಂಚು ಕಾರ್ಖಾನೆಯಲ್ಲಿ ಕೊಯ್ದದ್ದು, ಮನೆಯಲ್ಲಿರುವ ಯಾವ ಸ್ಕೇಲಿಗಿಂತಲೂ ನೇರ. ಆ ಅಂಚಿನ ಕಡೆಯಿಂದ ನಾಲ್ಕಿಂಚು ಅಗಲ, ಎರಡಡಿ ಉದ್ದದ ಪಟ್ಟಿ ತೆಗೆದು, ಒಂದಡಿ ಅಗಲದ ಆರು ಮಿ.ಮೀ. ಪ್ಲೈವುಡ್ಡಿನ ಮೇಲೆ ನೇರ ಅಂಚು ಒಳಮುಖವಾಗಿರುವಂತೆ ಅಂಟಿಸಬೇಕು. ಅಂಟು ಒಣಗಿದ ಮೇಲೆ ಗರಗಸದ ತಳವನ್ನು ಆ ಅಂಚಿಗೆ ಒರಗಿಸಿ ಒಂದು ಸಲ ಪೂರ್ತಿ ಓಡಿಸಿದರೆ, ಕೆಳಗಿನ ತೆಳು ಹಲಗೆಯ ಹೆಚ್ಚುವರಿ ಭಾಗ ಬಿದ್ದುಹೋಗಿ, ಉಳಿದ ಅದರ ಅಂಚು ಬ್ಲೇಡು ಹಾದ ಗೆರೆಯೇ ಆಗಿ ನಿಲ್ಲುತ್ತದೆ. ಇನ್ನು ಮುಂದೆ ಪೆನ್ಸಿಲ್ ಗೆರೆಗೆ ಆ ಅಂಚನ್ನು ಕೂರಿಸಿ, ಎರಡು ಕ್ಲಾಂಪು ಬಿಗಿದು, ಗರಗಸ ಓಡಿಸಿದರೆ ಆಯಿತು, ಲೆಕ್ಕ ಹಾಕುವುದೇನೂ ಇಲ್ಲ. ಬ್ಲೇಡಿನ ಹಲ್ಲು ಕೆಳಗಿನಿಂದ ಮೇಲಕ್ಕೆ ಕಚ್ಚುವುದರಿಂದ ಪ್ಲೈವುಡ್ಡಿನ ಚೆಂದದ ಮೈ ಕೆಳಗಿರಲಿ, ಅಡಿಗೆ ಹಳೆಯ ಥರ್ಮೊಕೋಲ್ ಹಾಳೆ ಹಾಸಿ ಬ್ಲೇಡನ್ನು ಹಲಗೆಗಿಂತ ಮೂರು ಮಿ.ಮೀ. ಮಾತ್ರ ಆಳಕ್ಕೆ ಇಳಿಸಿ. ಐದು ಅಡ್ಡಹಲಗೆಗಳೂ ಒಂದರ ಮೇಲೊಂದು ಇಟ್ಟಾಗ ಅಂಚು ಬೆರಳಿಗೆ ತಡೆಯದೆ ಒಂದೇ ಮೈಯಾಗಿ ಸಿಕ್ಕುತ್ತವೆ.